ನೀರು ನೋಡಿ ಲ್ಯೂರ್ ಹಾಕಿ

ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಗೆಳೆಯನೊಬ್ಬ ಹೋದ ವಾರ ಆನ್‌ಲೈನಿನಲ್ಲಿ ತರಿಸಿದ ಡಬ್ಬಿ ತೆರೆದು ತೋರಿಸಿದ. ಒಳಗೆ ಹದಿನೆಂಟು ಲ್ಯೂರ್. ರಬ್ಬರ್ ಕಪ್ಪೆ, ಹೊಳೆಯುವ ತಗಡಿನ ಚಮಚ, ಬಾಲ ಅಲ್ಲಾಡಿಸುವ ಪ್ಲಾಸ್ಟಿಕ್ ಮರಿಮೀನು, ಗಿರಗಿಟ್ಲೆಯ ಹಾಗೆ ತಿರುಗುವ ಸ್ಪಿನ್ನರ್. ಡಬ್ಬಿಯ ಮೇಲೆ ಬಾಯಿ ಅಗಲಿಸಿ ಜಿಗಿಯುವ ಬಾಸ್ ಮೀನಿನ ಚಿತ್ರ. ‘ಅಣ್ಣಾ, ಯಾವ ಕೆರಿಗೆ ಯಾವ್ದು ಹಾಕಬೇಕು ಅದನ್ನಷ್ಟ ಹೇಳ್ರಿ. ವಿಡಿಯೋ ನೋಡಿ ನೋಡಿ ತಲಿ ಕೆಟ್ಟೈತಿ’ ಅಂದ.

ವಿಡಿಯೋ ನೋಡಿದರೆ ತಲೆ ಕೆಡುವುದು ಸಹಜ. ಅವೆಲ್ಲ ಅಮೆರಿಕದ ಸರೋವರಗಳ ಲೆಕ್ಕ. ಬಾಸ್ ಉತ್ತರ ಅಮೆರಿಕದ ಮೀನು. ಜಪಾನಿಗೂ ಹೋಗಿ ನೆಲೆಸಿದೆ. ಆದರೆ ಕಲಘಟಗಿ, ಕುಂದಗೋಳ, ನವಲಗುಂದದ ಕೆರೆಗಳಲ್ಲಿ ನೀವು ಎಷ್ಟು ಎಸೆದರೂ ಬಾಸ್ ಬರುವುದಿಲ್ಲ, ಅದು ಇಲ್ಲಿ ಇಲ್ಲವೇ ಇಲ್ಲ. ಹಾಗಂತ ಡಬ್ಬಿಯನ್ನು ವಾಪಸ್ ಕಳಿಸಬೇಕಾಗಿಲ್ಲ. ಬಾಸ್ ಮಾಡುವ ಕೆಲಸವನ್ನೇ ನಮ್ಮ ಕೆರೆಯಲ್ಲಿ ಮಾಡುವ ಮೀನೊಂದಿದೆ: ಕೊರವ ಮೀನು. ಮರಾಠಿಯವರು ಮರಳ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಮರೆಲ್ ಅಥವಾ ಸ್ನೇಕ್‌ಹೆಡ್. ಹಾವಿನಂಥ ತಲೆ, ಉದ್ದ ಮೈ, ಬಾಯಿ ತುಂಬ ಹಲ್ಲು. ಕಪ್ಪೆ, ಸಣ್ಣ ಮೀನು, ಸಿಗಡಿ ಏನು ಸಿಕ್ಕರೂ ನುಂಗುತ್ತದೆ. ಕಳೆಯೊಳಗೆ ಅಡಗಿ ಕೂತು ಹೊಂಚು ಹಾಕುವುದು ಅದರ ಜಾಯಮಾನ. ಲ್ಯೂರಿಗೆ ಬೀಳುವುದು ಇಂಥ ಬೇಟೆಗಾರ ಮೀನೇ.

ಉಳಿದ ಮೀನುಗಳ ಮಾತು ಬೇರೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವೇ ನಮ್ಮ ಕೆರೆಗಳಿಗೆ ಮರಿ ಬಿಟ್ಟು ಬೆಳೆಸುವ ಮೀನುಗಳು. ಇವಕ್ಕೆ ನಿಮ್ಮ ನಾನೂರು ರೂಪಾಯಿಯ ಜಪಾನಿ ಲ್ಯೂರ್ ಬೇಕಾಗಿಲ್ಲ. ಶೇಂಗಾ ಹಿಂಡಿ, ಕಡ್ಲಿ ಹಿಟ್ಟು, ಇಲ್ಲವೇ ನಿನ್ನೆಯ ಜೋಳದ ರೊಟ್ಟಿ ನೆನೆಸಿ ನಾದಿದ ಉಂಡೆ ಸಾಕು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಉಂಡೆಯನ್ನು ಎಷ್ಟು ಆಳಕ್ಕೆ ಬಿಡಬೇಕು ಅನ್ನುವುದು ಅಷ್ಟರಲ್ಲೇ ತೀರ್ಮಾನವಾಯಿತು.

ಮೀನಿಗೆ ತಕ್ಕ ಎರೆ ಅನ್ನುವ ಈ ಮಾತು ವಿಡಿಯೋದವರು ಕಂಡುಹಿಡಿದದ್ದಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ‘ಮತ್ಸ್ಯವಿನೋದ’ ಅಂತ ಒಂದು ಭಾಗವೇ ಇದೆ. ಅರಸನಿಗೆ ಗಾಳ ಹಾಕುವ ಮೋಜು! ಕೋಲು, ದಾರ, ಗಾಳ ಹೇಗಿರಬೇಕು, ಯಾವ ಮೀನಿಗೆ ಯಾವ ತಿನಿಸು ಹಾಕಿ ದಡಕ್ಕೆ ರೂಢಿ ಮಾಡಿಸಬೇಕು ಅಂತ ಒಂದೊಂದಾಗಿ ಹೇಳಿದ್ದಾನೆ. ಮೀನುಗಳ ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನ ಬರೆದ ಮೇಲೆ ಹೊರಗಿನ ಪ್ರಪಂಚಕ್ಕೂ ಗೊತ್ತಾಯಿತು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ನೋಡಲು ಹೋದಾಗಲೆಲ್ಲ ಆ ಚಾಲುಕ್ಯರ ಕಾಲದಲ್ಲಿ ಗಾಳಕ್ಕೂ ಒಂದು ಅಧ್ಯಾಯ ಇತ್ತಲ್ಲ ಅಂತ ನನಗೆ ಖುಷಿಯಾಗುತ್ತದೆ. ಒಂಬತ್ತು ನೂರು ವರ್ಷದ ಹಿಂದೆಯೇ ‘ಮೀನು ನೋಡಿ ಎರೆ’ ಅಂದಿದ್ದಾನೆ. ನಾನು ಅದಕ್ಕೆ ‘ನೀರನ್ನೂ ನೋಡಿ’ ಅಂತ ಸೇರಿಸುತ್ತೇನೆ.

ಧಾರವಾಡ ಜಿಲ್ಲೆಯಲ್ಲಿ ಐವತ್ತು ಕಿಲೋಮೀಟರ್ ಬೈಕ್ ಓಡಿಸಿದರೆ ನೀರೇ ಬದಲಾಗಿಬಿಡುತ್ತದೆ. ಪಶ್ಚಿಮಕ್ಕೆ ಕಲಘಟಗಿ ಅರೆಮಲೆನಾಡು. ಮಳೆ ಹೆಚ್ಚು, ಮಣ್ಣು ಕೆಂಪು, ಕೆರೆಗಳಲ್ಲಿ ತಾವರೆ, ಜೊಂಡು, ಕಳೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಎರಿ ಭೂಮಿ. ಮಳೆ ಕಡಿಮೆ, ನೀರಿನಲ್ಲಿ ಸದಾ ಕರಿಮಣ್ಣಿನ ಮಬ್ಬು. (ನಮ್ಮ ಭಾಷೆ ನೋಡಿ: ಗಾಳಕ್ಕೆ ಚುಚ್ಚುವುದು ಎರೆ, ಚುಚ್ಚಿಸಿಕೊಳ್ಳುವುದು ಎರೆಹುಳ, ಅದನ್ನು ಅಗೆಯುವ ಹೊಲ ಎರಿ ಹೊಲ!) ಒಂದೇ ಲ್ಯೂರ್ ಎರಡೂ ಕಡೆ ನಡೆಯುವುದಿಲ್ಲ.

ಮೊದಲು ಕಲಘಟಗಿ ಕಡೆಯ ಕಳೆಕೆರೆ. ಮಳೆಗಾಲ ಮುಗಿದ ಮೇಲೆ, ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ, ಇಲ್ಲಿನ ಎಷ್ಟೋ ಕೆರೆಗಳ ಅಂಚಿನಲ್ಲಿ ನೀರೇ ಕಾಣುವುದಿಲ್ಲ. ಎಲೆ, ಬಳ್ಳಿ, ಹಸಿರು ಪಾಚಿಯ ಹಾಸಿಗೆ. ಹೊಸಬರು ಇದನ್ನು ನೋಡಿ ಬೇರೆ ಕಡೆ ಹೋಗುತ್ತಾರೆ, ಬಯಲಾದ ನೀರು ಹುಡುಕುತ್ತಾರೆ. ಕೊರವ ಮೀನು ಇರುವುದು ಅದೇ ಹಾಸಿಗೆಯ ಕೆಳಗೆ. ಇಲ್ಲಿ ಡಬ್ಬಿಯ ಹದಿನೆಂಟರಲ್ಲಿ ಹದಿನೇಳನ್ನು ಮರೆತುಬಿಡಿ. ಒಳಗೆ ಟೊಳ್ಳಾದ ರಬ್ಬರ್ ಕಪ್ಪೆ ಒಂದೇ ಸಾಕು. ಅದರ ಎರಡೂ ಗಾಳದ ಮೊನೆ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತದೆ, ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಒತ್ತಿಕೊಂಡು ಮೊನೆ ಹೊರಗೆ ಬರುತ್ತದೆ.

ಕಪ್ಪೆಯನ್ನು ಎಲೆಯ ಮೇಲೆಯೇ ಬೀಳಿಸಿ. ನೀರಿಗೆ ಬೀಳದಿದ್ದರೆ ಚಿಂತೆಯಿಲ್ಲ. ಒಂದು ಕ್ಷಣ ಸುಮ್ಮನೆ ಬಿಟ್ಟು, ಎರಡು ಸಣ್ಣ ಕುಪ್ಪಳಿಕೆ, ಮತ್ತೆ ಸುಮ್ಮನೆ. ಎಲೆಗಳ ನಡುವೆ ತಟ್ಟೆಯಷ್ಟು ಅಗಲದ ಬಯಲು ನೀರು ಸಿಕ್ಕರೆ ಅಲ್ಲಿ ಎಣಿಸಿ ಹತ್ತು ಸೆಕೆಂಡ್ ನಿಲ್ಲಿಸಿ. ಬಹುಪಾಲು ಏಟು ಬೀಳುವುದು ಅಲ್ಲೇ. ಏಟು ಅಂದರೆ ಏಟು, ತೆಂಗಿನಕಾಯಿ ನೀರಿಗೆ ಬಿದ್ದ ಹಾಗೆ ಸದ್ದು. ಆ ಸದ್ದಿಗೆ ಬೆಚ್ಚಿ ಕೋಲನ್ನು ಹಿಂದಕ್ಕೆ ಎಳೆದರೆ ಕಪ್ಪೆ ಮಾತ್ರ ಹಾರಿ ನಿಮ್ಮ ಮುಖಕ್ಕೆ ಬರುತ್ತದೆ. ‘ಒಂದು, ಎರಡು’ ಅಂತ ಮನಸ್ಸಿನಲ್ಲಿ ಎಣಿಸಿ, ದಾರ ಬಿಗಿಯಾದದ್ದು ಕೈಗೆ ತಿಳಿದ ಮೇಲೆ ಜೋರಾಗಿ ಎಳೆಯಿರಿ. ಇಲ್ಲಿ ತೆಳು ನೈಲಾನ್ ದಾರ ಉಪಯೋಗಕ್ಕಿಲ್ಲ. ನಲವತ್ತು ಪೌಂಡಿನ ಬ್ರೇಡ್ ಲೈನ್ ಬೇಕು, ಯಾಕಂದರೆ ನೀವು ಎಳೆಯುವುದು ಮೀನನ್ನಷ್ಟೇ ಅಲ್ಲ, ಅದು ಸುತ್ತಿಕೊಂಡ ಎರಡು ಕಿಲೋ ಕಳೆಯನ್ನೂ.

ಒಮ್ಮೆ ದುಮ್ಮವಾಡದ ಆಚೆ ಕೆರೆಯೊಂದರ ಏರಿಯ ಮೇಲೆ ಎಮ್ಮೆ ಮೈ ತೊಳೆಯಲು ಬಂದ ಅಜ್ಜ ಒಬ್ಬರು ನನ್ನ ಕಪ್ಪೆಯನ್ನು ಕೈಯಲ್ಲಿ ಹಿಡಿದು ಹಿಚುಕಿ ನೋಡಿದರು. ‘ಏನ ತಮ್ಮಾ, ರಬ್ಬರ್ ಕಪ್ಪಿ ತಿನ್ನಾಕ ನಮ್ಮ ಮೀನ ಅಷ್ಟ ಹುಚ್ಚ ಅದಾವೇನು?’ ಅಂದರು. ಹರೆಯದಲ್ಲಿ ಅವರು ಜೀವಂತ ಕಪ್ಪೆ ಕಟ್ಟಿ ಇದೇ ಜಾಗದಲ್ಲಿ ಹಿಡಿಯುತ್ತಿದ್ದರಂತೆ. ‘ಹುಚ್ಚ ಅಲ್ರಿ ಅಜ್ಜಾರ, ಸಿಟ್ಟ ಭಾಳ’ ಅಂದೆ. ನಕ್ಕು, ಎಮ್ಮೆಗಳನ್ನು ನಾನು ಗಾಳ ಎಸೆಯುವ ಕಡೆಯಿಂದ ದೂರ ಹೊಡೆದುಕೊಂಡು ಹೋದರು. ಅಂದಹಾಗೆ, ಎಮ್ಮೆ ನೀರಿನಲ್ಲಿದ್ದಾಗ, ಹೆಂಗಸರು ಬಟ್ಟೆ ಒಗೆಯುವ ಕಡೆ ಲ್ಯೂರ್ ಎಸೆಯಲೇಬೇಡಿ. ಎಮ್ಮೆಯ ಕಿವಿಗೆ ಸಿಕ್ಕ ಮೂರು ಮೊನೆಯ ಗಾಳ ಬಿಡಿಸುವುದಕ್ಕಿಂತ ಐದು ಕಿಲೋ ಮೀನು ಎಳೆಯುವುದು ಸುಲಭ.

ಮಳೆ ಹೊಡೆದ ಮರುದಿನದ ಕೆರೆ ಬೇರೆಯದೇ ಜಗತ್ತು. ಕೆಂಪು ನೀರು, ಚಹಾದ ಹಾಗೆ. ಅಂಗೈ ಅದ್ದಿ ನೋಡಿ: ಮಣಿಕಟ್ಟು ಮುಳುಗುವಷ್ಟರಲ್ಲಿ ಬೆರಳು ಕಾಣದಿದ್ದರೆ ಮೀನಿಗೂ ಲ್ಯೂರ್ ಕಾಣುವುದಿಲ್ಲ. ಆದರೆ ಮೀನಿಗೆ ನಮಗಿಲ್ಲದ ಒಂದು ಅನುಕೂಲ ಇದೆ, ಮೈಯ ಎರಡೂ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಓಡುವ ಗೆರೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಗುರುತಿಸುತ್ತದೆ. ಹಾಗಾಗಿ ಕದಡಿದ ನೀರಿನಲ್ಲಿ ಬಣ್ಣಕ್ಕಿಂತ ಸದ್ದು ಮುಖ್ಯ. ತಗಡಿನ ರೆಕ್ಕೆ ಗಿರಗಿರ ತಿರುಗುವ ಸ್ಪಿನ್ನರ್‌ಬೇಟ್, ಮೇಲೆ ಪಟಪಟ ಅನ್ನುವ ಬಜ್‌ಬೇಟ್, ಇವು ಆಗ ಕೆಲಸಕ್ಕೆ ಬರುತ್ತವೆ. ಬಣ್ಣ ಆರಿಸಲೇಬೇಕಿದ್ದರೆ ಕಪ್ಪು, ಇಲ್ಲವೇ ಕಣ್ಣು ಕುಕ್ಕುವ ಹಳದಿ-ಹಸಿರು. ಕಪ್ಪು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮೀನು ಕೆಳಗಿನಿಂದ ಮೇಲೆ ನೋಡುತ್ತದೆ, ಹಿನ್ನೆಲೆ ಬೆಳಕಿನ ಆಕಾಶ. ಆ ಬೆಳಕಿನ ಎದುರು ಗಾಢ ಕಪ್ಪು ನೆರಳೇ ಸ್ಪಷ್ಟ. ಹೊಸ ನೀರು ಕೆರೆಗೆ ಸೇರುವ ಹಳ್ಳದ ಬಾಯಿಯಲ್ಲಿ, ಕೆಂಪು ನೀರು ಮತ್ತು ಹಳೆಯ ನೀರು ಕೂಡುವ ಗೆರೆಯಲ್ಲಿ ಎಸೆಯಿರಿ. ಹುಳಹುಪ್ಪಟೆ, ಸಣ್ಣ ಮೀನು ಅಲ್ಲಿ ಬರುತ್ತವೆ, ಅವುಗಳ ಹಿಂದೆ ದೊಡ್ಡದು.

ಡಿಸೆಂಬರ್, ಜನವರಿಯ ತಿಳಿನೀರು ನನಗೆ ಕಷ್ಟದ ಪರೀಕ್ಷೆ. ಮಣ್ಣು ತಳಕ್ಕೆ ಕೂತಿರುತ್ತದೆ, ಮೀನಿಗೆ ನೀವು ಏರಿಯ ಮೇಲೆ ನಡೆಯುವುದೂ ಕಾಣುತ್ತದೆ. ಇಲ್ಲಿ ಗದ್ದಲದ ಲ್ಯೂರ್ ಮೀನನ್ನು ಓಡಿಸುತ್ತದೆ. ಸಣ್ಣದು, ಮೆತ್ತಗಿನದು, ಮಣ್ಣಿನ ಅಥವಾ ಪಾಚಿಯ ಬಣ್ಣದ್ದು, ಬಾಲ ಮಾತ್ರ ಅಲ್ಲಾಡುವ ಸಾಫ್ಟ್ ಪ್ಲಾಸ್ಟಿಕ್ ಹಾಕಿ. ಗಾಳದ ಮೊನೆಯನ್ನು ಪ್ಲಾಸ್ಟಿಕ್ಕಿನ ಮೈಯೊಳಗೇ ಅಡಗಿಸಿ ಕಟ್ಟಿದರೆ ಕಳೆಗೂ ಸಿಕ್ಕುವುದಿಲ್ಲ. ದೂರ ಎಸೆದು ನಿಧಾನವಾಗಿ ಎಳೆಯಿರಿ, ನಿಮಗೆ ಬೇಸರ ಬರುವಷ್ಟು ನಿಧಾನ. ಚಳಿಯಲ್ಲಿ ಮೀನಿಗೂ ಸೋಮಾರಿತನ. ಬೆಳಗಿನ ಆರಕ್ಕೆ ಹೋಗಿ ನಡುಗುವ ಬದಲು ಬಿಸಿಲೇರಿದ ಮೇಲೆ ಹತ್ತಕ್ಕೆ ಹೋಗಿ. ಭಾನುವಾರ ತಡವಾಗಿ ಏಳುವವರಿಗೆ ವರ್ಷದಲ್ಲಿ ಇದೊಂದೇ ಋತು ಅನುಕೂಲ.

ಇನ್ನು ಎರಿ ಸೀಮೆ. ನವಲಗುಂದ, ಅಣ್ಣಿಗೇರಿ ಕಡೆಯ ಎಷ್ಟೋ ಊರಕೆರೆಗಳು ಮಲಪ್ರಭಾ ಕಾಲುವೆಯ ನೀರಿನಿಂದ ತುಂಬುತ್ತವೆ, ಮತ್ತು ಅದೇ ನೀರನ್ನು ಊರು ಕುಡಿಯುತ್ತದೆ. ಕಾಲುವೆಯ ನೀರಿಗಾಗಿ ತಿಂಗಳುಗಟ್ಟಲೆ ಕಾಯುವ ಸೀಮೆ ಇದು. ಇಂಥ ಕೆರೆಗೆ ಯಾವ ಲ್ಯೂರ್? ಯಾವುದೂ ಇಲ್ಲ. ಕೆರೆಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿ ಇಳಿದರೂ ಬೈಯುವ ಊರುಗಳಿವೆ, ಬೈಯುವುದು ಸರಿಯಾಗಿಯೇ ಇದೆ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಡುತ್ತ ಬಂದ ಕಲಘಟಗಿ ತಾಲ್ಲೂಕಿನ ನೀರಸಾಗರಕ್ಕೂ ಇದೇ ಮಾತು. ಕೋಲು ಬ್ಯಾಗಿನಿಂದ ಹೊರಗೆ ತೆಗೆಯುವ ಮೊದಲೇ ‘ಇದು ಕುಡಿಯೋ ನೀರಿನ ಕೆರಿ ಏನ್ರಿ?’ ಅಂತ ಕೇಳಿ.

ಎರಿ ಸೀಮೆಯಲ್ಲಿ ಗಾಳ ಹಾಕುವ ಜಾಗ ದನಕರುಗಳ ಕೆರೆ, ಬೆಣ್ಣಿಹಳ್ಳದಂಥ ಹಳ್ಳಗಳ ಮಡು. ಕರಿಮಣ್ಣಿನ ಕಣ ಬಹಳ ಸಣ್ಣದು, ಎಷ್ಟು ದಿನ ಬಿಟ್ಟರೂ ಪೂರ್ತಿ ತಿಳಿಯಾಗುವುದಿಲ್ಲ. ನೀರು ಬೂದಿ ಕಲಸಿದ ಹಾಗೆ. ಕಳೆ ಕಡಿಮೆ, ಅಡಗಲು ಜಾಗ ಕಡಿಮೆ. ಆದ್ದರಿಂದ ಮೀನು ಜಾಲಿ ಮುಳ್ಳಿನ ಕಂಟಿ ನೀರಿಗೆ ಬಗ್ಗಿದಲ್ಲಿ, ಹಳೆಯ ಕಲ್ಲುಕಟ್ಟಡದ ಸಂದಿಯಲ್ಲಿ, ಸೇತುವೆಯ ನೆರಳಿನಲ್ಲಿ ಇರುತ್ತದೆ. ಇಲ್ಲಿ ಕೆರೆಯನ್ನೆಲ್ಲ ಲ್ಯೂರಿನಿಂದ ಬಾಚಬೇಕಾಗಿಲ್ಲ, ಅಂಥ ಹತ್ತು ಜಾಗ ಗುರುತಿಸಿ ಒಂದೊಂದಕ್ಕೆ ಐದು ಸಲ ಎಸೆಯಿರಿ. ಬಿಳಿ ಅಥವಾ ಹಳದಿ ಸ್ಪಿನ್ನರ್, ಗುಳುಕ್ ಅನ್ನುವ ಪಾಪರ್ ನಡೆಯುತ್ತವೆ. ಬೆಣ್ಣಿಹಳ್ಳದ ವಿಷಯದಲ್ಲಿ ಒಂದು ಎಚ್ಚರ: ಅದು ಶಿಗ್ಗಾವಿ ಕಡೆ ಹುಟ್ಟಿ ಮಲಪ್ರಭೆ ಸೇರುವ ಹಳ್ಳ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಹೊಡೆದರೆ ನೀರು ನೋಡನೋಡುತ್ತ ಏರುತ್ತದೆ. ಮಳೆಗಾಲದಲ್ಲಿ ಹಳ್ಳದೊಳಗೆ ಇಳಿಯಬೇಡಿ. ಎರಿ ಮಣ್ಣು ಹಸಿಯಾದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಬೈಕಂತೂ ತಿಂಗಳಾನುಗಟ್ಟಲೆ ತೊಳೆಯಬೇಕು.

ಬೇಸಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್, ಮೇ ಹೊತ್ತಿಗೆ ಕೆರೆ ಕುಗ್ಗಿ ಕೊಳವಾಗಿ, ಇದ್ದ ಮೀನೆಲ್ಲ ಒಂದೇ ಮೂಲೆಗೆ ಸೇರುತ್ತವೆ. ಸೊರಬ, ಸಾಗರದ ಕಡೆ ಆಗ ಊರಿಗೆ ಊರೇ ಕೆರೆಗಿಳಿದು ಕೆರೆಬೇಟೆ ಆಡುತ್ತದೆ. ಆ ಹೊತ್ತಿನಲ್ಲಿ ಲ್ಯೂರಿನ ಜಾಣತನಕ್ಕೆ ಅರ್ಥವಿಲ್ಲ. ಮುಂಜಾನೆ ಬೆಳಕು ಹರಿಯುವಾಗ ಒಂದು ಗಂಟೆ ಮೇಲ್ನೀರಿನ ಕಪ್ಪೆ ಎಸೆದು ಮನೆಗೆ ಬನ್ನಿ.

ಕೆರೆಯ ಮೀನಿಗೆ ಮಾಲೀಕರಿದ್ದಾರೆ ಅನ್ನುವುದು ನಗರದ ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯ್ತಿಯೋ ಕೆರೆಯನ್ನು ಗುತ್ತಿಗೆಗೆ ಕೊಟ್ಟಿರುತ್ತದೆ, ಹಣ ಕಟ್ಟಿ ಮರಿ ಬಿಟ್ಟವರು ಮೀನುಗಾರರ ಸಹಕಾರ ಸಂಘದವರೋ ಗುತ್ತಿಗೆದಾರರೋ ಇರುತ್ತಾರೆ. ಅವರ ಬದುಕು ಅದು, ನಮ್ಮದು ಭಾನುವಾರದ ಶೋಕಿ. ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಅದಕ್ಕೊಂದು ಕಾರಣವೂ ಇದೆ. ಮಿಶ್ರಿಕೋಟಿ ಕಡೆಯ ಸಂಘದವರೊಬ್ಬರು ನನಗೆ ಹೇಳಿದ್ದು: ‘ಕೊರವ ಮೀನ ಬೇಕಾದಷ್ಟ ಹಿಡೀರಿ. ನಾವ ಬಿಟ್ಟ ಮರಿ ನುಂಗಿ ನುಂಗಿ ಹಾಳ ಮಾಡ್ತಾವ. ಗೆಂಡಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ.’ ಅವರ ದೃಷ್ಟಿಯಲ್ಲಿ ಅದು ಕಳ್ಳ ಮೀನು. ನನ್ನ ದೃಷ್ಟಿಯಲ್ಲಿ ಈ ಕೆರೆಗಳ ಹಳೆಯ ಒಕ್ಕಲು. ಯಾರೂ ಮರಿ ತಂದು ಬಿಡದೆ ತಾನೇ ಬದುಕಿ ಬಂದದ್ದು.

ಅದು ತಾನೇ ಬದುಕಿ ಬಂದದ್ದು ಹೇಗೆ ಅನ್ನುವುದನ್ನು ತಿಳಿದರೆ, ಡಬ್ಬಿಯಲ್ಲಿರುವ ಯಾವ ಲ್ಯೂರನ್ನೂ ಎಸೆಯಬಾರದ ಒಂದು ಸಂದರ್ಭವೂ ತಿಳಿಯುತ್ತದೆ. ಕೊರವ ಮೀನು ಕಳೆಯ ನಡುವೆ ಜಾಗ ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆ ನೀರಿನ ಮೇಲೆ ತೇಲುತ್ತವೆ, ತಂದೆತಾಯಿ ಕೆಳಗೆ ಕಾವಲು. ಮರಿ ಹೊರಬಂದ ಮೇಲೂ ಹಲವು ವಾರ ಕಾವಲು ಮುಂದುವರಿಯುತ್ತದೆ. ಮರಿಗಳು ಕೆಂಪು-ಕಿತ್ತಳೆ ಬಣ್ಣದವು, ನೂರಾರು ಒಟ್ಟಿಗೆ ಚೆಂಡಿನ ಹಾಗೆ ಸೇರಿ ಈಜುತ್ತವೆ, ಉಸಿರಿಗೆ ಮೇಲೆ ಬರುತ್ತವೆ. ಮಳೆಗಾಲದಲ್ಲಿ ದಡದ ಬಳಿ ಕುಂಕುಮ ಚೆಲ್ಲಿದಂಥ ಒಂದು ಗುಂಪು ಕಂಡು, ಅಲ್ಲಿ ಮಾತ್ರ ನೀರು ಸಣ್ಣಗೆ ಕುದಿಯುವ ಹಾಗೆ ಅನ್ನಿಸಿದರೆ ಅದೇ.

ಆ ಗುಂಪಿನ ಮೇಲೆ ನೀವು ಏನು ಎಸೆದರೂ ಹೊಡೆತ ಬೀಳುತ್ತದೆ. ಕಪ್ಪೆ, ಚಮಚ, ಬಾಟಲಿಯ ಮುಚ್ಚಳ, ಏನಾದರೂ. ಹಸಿವಿನಿಂದ ಅಲ್ಲ, ಮರಿಗಳ ಮೇಲೆ ಬಿದ್ದದ್ದನ್ನು ಓಡಿಸಲು. ಅದಕ್ಕೇ ಇದು ಬಹಳ ಜನರಿಗೆ ‘ಗ್ಯಾರಂಟಿ ಜಾಗ’. ಗುಂಪು ಹುಡುಕು, ಎಸೆ, ಫೋಟೋ ತೆಗೆ. ಸಿಕ್ಕ ಮೀನನ್ನು ಒಯ್ದರೆ ಕಾವಲಿಲ್ಲದ ಮರಿಗಳನ್ನು ಜಿಲೇಬಿ ಮೀನು, ನೀರುಕಾಗೆ, ಆಮೆ ಎಲ್ಲ ತಿಂದು ಮುಗಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹಿಡಿದು ಬಿಡುತ್ತೇನೆ ಅನ್ನುವವರಿಗೂ ಹೇಳುತ್ತೇನೆ, ನೀವು ಗಾಳ ಬಿಡಿಸಿ ಸೆಲ್ಫಿ ತೆಗೆಯುವ ಐದು ನಿಮಿಷವೂ ಕಾವಲಿಲ್ಲದ ಐದು ನಿಮಿಷವೇ. ಕೊರವ ಮೀನು ಕಡಿಮೆಯಾದರೆ ಒಳ್ಳೆಯದೇ ಅನ್ನುವ ಸಂಘದವರ ಮಾತು ನನಗೆ ಅರ್ಥವಾಗುತ್ತದೆ. ಅವರು ಬಲೆ ಹಾಕಲಿ, ಅದು ಅವರ ಹಕ್ಕು. ನಾನು ಗುಂಪು ಕಂಡರೆ ದಾರ ಸುತ್ತಿಕೊಂಡು ನೂರು ಹೆಜ್ಜೆ ಆಚೆ ಹೋಗುತ್ತೇನೆ. ಜೊತೆಗೆ ಬಂದವರಿಗೂ ಇದೇ ಷರತ್ತು. ಒಪ್ಪದವರನ್ನು ಎರಡನೆಯ ಸಲ ಕರೆದುಕೊಂಡು ಹೋಗಿಲ್ಲ.

ಗೆಳೆಯನ ಡಬ್ಬಿಯಿಂದ ಕೊನೆಗೆ ಐದು ಲ್ಯೂರ್ ಆರಿಸಿಕೊಟ್ಟೆ: ಕಪ್ಪು ಬಣ್ಣದ್ದೊಂದು, ಹಸಿರು ಬಣ್ಣದ್ದೊಂದು ಟೊಳ್ಳು ಕಪ್ಪೆ, ಹಳದಿ ಸ್ಪಿನ್ನರ್‌ಬೇಟ್, ಒಂದು ಪಾಪರ್, ಪಾಚಿ ಬಣ್ಣದ ಸಾಫ್ಟ್ ಪ್ಲಾಸ್ಟಿಕ್. ಉಳಿದ ಹದಿಮೂರನ್ನು ಷೋಕೇಸಿನಲ್ಲಿಡಬಹುದು. ‘ಅಷ್ಟ ಕಡಿಮಿನಾ?’ ಅಂದ. ಬಾಸ್ ಮೀನಿನ ವಿಶ್ವದಾಖಲೆಯ ಕಥೆ ಹೇಳಿದೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕ ಹತ್ತು ಕಿಲೋ ಮೀನಿನ ದಾಖಲೆಯನ್ನು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬರು ಸರಿಗಟ್ಟಿದರು. ಲ್ಯೂರ್‌ಗಳ ತವರಾದ ಜಪಾನಿನಲ್ಲಿ ಅವರು ಹಾಕಿದ್ದ ಎರೆ ಏನು ಗೊತ್ತೇ? ಜೀವಂತ ಸಣ್ಣ ಮೀನು. ಮುಖ ನೋಡಬೇಕಿತ್ತು.

ಡಬ್ಬಿಯ ಜೊತೆ ಒಂದು ಉದ್ದ ಮೂತಿಯ ಇಕ್ಕಳ, ಒಂದು ಹಸಿ ಬಟ್ಟೆ ಇಟ್ಟುಕೊಳ್ಳಿ. ಕೊರವ ಮೀನಿನ ಬಾಯಿಗೆ ಬೆರಳು ಹಾಕುವುದು ಬೇಡ. ಗಾಳದ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಮಟ್ಟ ಮಾಡಿದರೆ ಮೀನಿನ ಬಾಯಿಂದಲೂ ನಿಮ್ಮ ಬೆರಳಿನಿಂದಲೂ ಸುಲಭವಾಗಿ ಬಿಡಿಸಬಹುದು. ಹಿಡಿದ ಮೀನನ್ನು ಬಲೆಚೀಲದಲ್ಲಿ ಹಾಕಿ ಪೂರ್ತಿ ನೀರಿನೊಳಗೆ ಮುಳುಗಿಸಿ ಇಡುವವರಿದ್ದಾರೆ, ಬದುಕಿರಲಿ ಅಂತ. ಕೊರವ ಮೀನಿನ ವಿಷಯದಲ್ಲಿ ಅದು ಉಲ್ಟಾ. ಅದು ಮೇಲೆ ಬಂದು ಗಾಳಿ ಕುಡಿಯಲೇಬೇಕಾದ ಮೀನು, ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಚೀಲದ ಬಾಯಿ ನೀರಿನ ಮೇಲಿರಲಿ. ಕಡಿದ ಬ್ರೇಡ್ ದಾರದ ತುಂಡುಗಳು ನಿಮ್ಮ ಜೇಬಿಗೆ. ಏರಿಯ ಮೇಲೆ ಬಿಟ್ಟರೆ ಮೊದಲು ಸಿಕ್ಕಿಕೊಳ್ಳುವುದು ಕೊಕ್ಕರೆಯ ಕಾಲು.